ನೀರಿನ ತೊಟ್ಟಿಯ ಹಿಂದಿನ ಏಣಿ

ಏಣಿ ಎಂಬ ಅಡ್ಡಹೆಸರು ಅವಳಿಗೆ ಎತ್ತರದಿಂದ ಬಂದದ್ದಲ್ಲ. ಬಸ್ಸಿನಲ್ಲಿ ಮೇಲಿನ ಹಿಡಿಕೆ ಎಟುಕದೆ ಪಕ್ಕದವರ ಚೀಲವನ್ನೇ ಹಿಡಿದು ನಿಲ್ಲುವವರ ಪೈಕಿ ಅವಳು. ಹೊಸದಾಗಿ ಪರಿಚಯವಾದವರು ಹೆಸರು ಕೇಳಿ, ಆಳನ್ನು ನೋಡಿ, ಒಳಗೊಳಗೇ ನಗುತ್ತಾರೆ. ಕುಳ್ಳಿಗೆ ಏಣಿ ಅಂತ ಹೆಸರಿಟ್ಟವರು ಭಾರೀ ತಮಾಷೆಯವರಿರಬೇಕು ಎಂದುಕೊಳ್ಳುತ್ತಾರೆ. ಅವಳು ತಿದ್ದಲು ಹೋಗುವುದಿಲ್ಲ. ನಿಜವಾದ ಕಾರಣ ಹೇಳಿದರೆ ಇನ್ನೂ ಜಾಸ್ತಿ ನಗುತ್ತಾರೆ ಎಂಬುದು ಅನುಭವದ ಮಾತು.

ಅವಳ ಕೆಲಸ ಹಲ್ಲಿನ ಸೆಟ್ ಮಾಡುವುದು. ಡಾಕ್ಟರ ಕ್ಲಿನಿಕ್ಕಿನ ಹಿಂದೆ ಉದ್ದನೆಯ ಕೋಣೆ, ಒಂದೇ ಕಿಟಕಿ, ಕಿಟಕಿಯ ಕೆಳಗೆ ಅವಳ ಮೇಜು. ಮೇಜಿನ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆ, ಸಣ್ಣ ಚಾಕು, ಮತ್ತು ಊರಿನವರ ಬಾಯಿಗಳ ಪ್ಲಾಸ್ಟರ್ ಅಚ್ಚುಗಳ ಸಾಲು. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಅವಳಿಗೆ ತಕ್ಷಣ ಗುರುತು ಹತ್ತುವುದಿಲ್ಲ. ಅವರು ಬಾಯಿ ತೆರೆದು ನಕ್ಕರೆ ಮಾತ್ರ, ಓ ಇವರಾ ಎಂದು ನೆನಪಾಗುತ್ತದೆ.

ಹಲ್ಲಿನ ಸೆಟ್ ಒಂದೇ ಏಟಿಗೆ ಆಗುವಂಥದ್ದಲ್ಲ. ಮೊದಲು ಮೇಣದಲ್ಲಿ ಹಲ್ಲು ಕೂರಿಸಿ ಪರೀಕ್ಷೆಗೆಂದು ಒಂದು ಸೆಟ್ ಮಾಡಬೇಕು. ಅದನ್ನು ಬಾಯಲ್ಲಿಟ್ಟು ಡಾಕ್ಟರು ನೋಡುತ್ತಾರೆ, ಮನೆಯವರು ನೋಡುತ್ತಾರೆ. ಮುಂದಿನ ಹಲ್ಲು ಉದ್ದವಾಯಿತು, ತುಟಿ ಉಬ್ಬಿತು, ಇದು ನಮ್ಮ ಅಪ್ಪನ ಮುಖವೇ ಅಲ್ಲ ಎಂದು ತಲೆಗೊಂದು ಮಾತಾಡುತ್ತಾರೆ. ಅವಳು ತಿದ್ದುತ್ತಾಳೆ. ಎಲ್ಲರೂ ಒಪ್ಪಿದ ಮೇಲೆ ಬಿಸಿನೀರಿನಲ್ಲಿ ಮೇಣವನ್ನೆಲ್ಲ ಕರಗಿಸಿ ತೊಳೆದು, ಆ ಜಾಗಕ್ಕೆ ಗಟ್ಟಿ ವಸ್ತು ತುಂಬುವುದು. ಕೊನೆಯ ಸೆಟ್ ಬಾಯಿಗೆ ಹೋದ ಮೇಲೆ ಮೇಣದ ಸೆಟ್ ಹೇಗಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಮಾಡಿದವಳಿಗೆ ಇರುತ್ತದೆ, ಆದರೆ ಅವಳ ನೆನಪಿಗೆ ಮನೆಯಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ.

ಅದರ ಮೇಲೆ ಅವಳಿಗೇ ನಂಬಿಕೆಯಿಲ್ಲ ಎನ್ನುವುದು ಇನ್ನೂ ಸರಿ. ಯಾವ ಮಾತಿಗೂ ಬಾಲದ ಹಾಗೆ "ನನಗೆ ನೆನಪಿರೋ ಹಾಗೆ, ತಪ್ಪಿರಬಹುದು" ಎಂದು ಸೇರಿಸುವುದು ಅವಳ ಚಾಳಿ. ಮದುವೆಯ ನೋಂದಣಿ ಕಚೇರಿಯಲ್ಲಿ ಹುಟ್ಟಿದ ತಾರೀಕು ಕೇಳಿದಾಗಲೂ ಹಾಗೇ ಅಂದು, ಪಕ್ಕದಲ್ಲಿ ನಿಂತಿದ್ದ ವರನ ಮುಖ ಬಿಳಿಚುವಂತೆ ಮಾಡಿದ್ದಳು. ಇಷ್ಟಕ್ಕೆಲ್ಲ ಮೂಲ ಒಂದು ವಿಡಿಯೋ ಗೇಮ್. ಹೇಳಿಕೊಳ್ಳಲೂ ನಾಚಿಕೆ. ಬೇರೆಯವರ ಬದುಕನ್ನು ಯುದ್ಧ, ಪ್ರೇಮ, ಕಾಯಿಲೆ ಹಾಳುಮಾಡುತ್ತವೆ. ತನ್ನದನ್ನು ಒಂದು ಡಬ್ಬದೊಳಗಿನ ನೀರಿನ ತೊಟ್ಟಿ ಹಾಳುಮಾಡಿತು ಎಂದು ಅವಳೇ ಎಷ್ಟೋ ಸಲ ನಕ್ಕಿದ್ದಾಳೆ.

ಅವಳ ಅಪ್ಪನದು ರೈಲು ನಿಲ್ದಾಣದ ಪಕ್ಕದಲ್ಲಿ ಇಸ್ತ್ರಿ ಅಂಗಡಿ. ಬಟ್ಟೆಗೆ ಕಾಯುವವರು ಕೂರಲು ಒಂದು ಬೆಂಚು. ಕಾಯುವ ಜನ ಇರುವ ಕಡೆ ಆಟದ ಯಂತ್ರ ಚೆನ್ನಾಗಿ ನಡೆಯುತ್ತದೆಂದು ಒಂದು ಕಂಪನಿಯವರು ಬಂದು, ಆಳೆತ್ತರದ ಯಂತ್ರವೊಂದನ್ನು ಮೂಲೆಯಲ್ಲಿಟ್ಟು ಹೋದರು. ಮಾರಾಟಕ್ಕೆ ಬಿಡುವ ಮೊದಲು ಜನ ಹೇಗೆ ಆಡುತ್ತಾರೆ ನೋಡಬೇಕು, ಕೆಲವು ದಿನದ ಮಾತು, ಆಮೇಲೆ ಒಯ್ಯುತ್ತೇವೆ ಎಂದರು. ಅದನ್ನು ನೋಡುವುದಕ್ಕೆಂದೇ ದಪ್ಪ ಕನ್ನಡಕದ ಒಬ್ಬಾತ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಸುಮ್ಮನೆ ಕೂತರೆ ಅಪ್ಪ ಏನೆಂದುಕೊಳ್ಳುತ್ತಾನೋ ಎಂಬ ಸಂಕೋಚಕ್ಕೆ ದಿನವೂ ಒಂದು ಅಂಗಿ ಇಸ್ತ್ರಿಗೆ ಕೊಡುತ್ತಿದ್ದ. ದಿನವೂ ಅದೇ ಅಂಗಿ.

ಆಟವೇನೋ ಸರಳ. ಟೋಪಿ ಹಾಕಿದ ಒಬ್ಬ ಮನುಷ್ಯ ಕಟ್ಟಡದ ಮಹಡಿ ಮಹಡಿ ಹತ್ತಿ ಕಿಟಕಿಗಳಲ್ಲಿ ದೀಪ ಹಚ್ಚುತ್ತಾ ಹೋಗಬೇಕು, ಬಾವಲಿಗಳು ಬಂದು ದೀಪ ಆರಿಸುತ್ತವೆ. ಮುಂದೆ ಈ ದೀಪದಣ್ಣನ ಹೆಸರು ದೇಶದೇಶಗಳಲ್ಲಿ ಓಡಾಡಿತು. ಮಕ್ಕಳ ಚೀಲದ ಮೇಲೆ, ಊಟದ ಡಬ್ಬಿಯ ಮೇಲೆ ಅವನದೇ ಮೀಸೆ. ಆದರೆ ಅವಳು ಕಂಡ ದೀಪದಣ್ಣನಿಗೆ ಮೀಸೆ ಹಾಗಿರಲಿ, ಬಾಯಿಯೇ ಇರಲಿಲ್ಲ. ಆಕಾಶ ನೀಲಿಯಲ್ಲ, ಟೀ ಚೆಲ್ಲಿದ ಬಟ್ಟೆಯ ಹಾಗೆ ಕಂದು. ಬಾವಲಿಗೆ ಕಣ್ಣಿಲ್ಲ, ರೆಕ್ಕೆಯಿಲ್ಲ. ಮಡಿಸಿಟ್ಟ ಕರವಸ್ತ್ರದಂಥ ಮುಕ್ಕೋನಗಳು ಹಾರಿಕೊಂಡು ಬರುತ್ತಿದ್ದವು. ಮೊದಲ ಹಂತದಲ್ಲಿ ಒಂದು ಬೆಕ್ಕು ಇತ್ತು. ಅದು ಏನೂ ಮಾಡುತ್ತಿರಲಿಲ್ಲ, ಕೂತಿರುತ್ತಿತ್ತು ಅಷ್ಟೆ.

ಯಂತ್ರ ಸರಿಯಾಗಿದೆಯೇ ನೋಡಲು ಬೆಳಿಗ್ಗೆ ಅಂಗಡಿ ತೆರೆದಾಗ ಬಿಟ್ಟಿಯಾಗಿ ಆಡಿ ನೋಡಬಹುದಿತ್ತು. ಅಪ್ಪನಿಗೆ ಕೈಬಿಡುವಿಲ್ಲ. ಅಣ್ಣನಿಗೆ ಆಗ ಫುಟ್‌ಬಾಲ್ ಹುಚ್ಚು, ಯಂತ್ರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ಆ ಮಹಾ ಜವಾಬ್ದಾರಿ ಮನೆಯ ಕುಳ್ಳಿಯ ಹೆಗಲಿಗೆ ಬಿತ್ತು. ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಅವಳು ದಿನಾ ಯಂತ್ರವನ್ನು "ಪರೀಕ್ಷೆ" ಮಾಡಿದಳು. ಗಿರಾಕಿಗಳು ಮೊದಲ ಹಂತದಲ್ಲೇ ಮುಗ್ಗರಿಸಿ ಬೈದುಕೊಂಡು ಹೋಗುತ್ತಿದ್ದರು, ಇವಳು ಮಾತ್ರ ಮೂರನೇ ಹಂತ ಮುಟ್ಟಿದಳು. ಅಲ್ಲಿ ಎಡಗಡೆ ಒಂದು ನೀರಿನ ತೊಟ್ಟಿ. ಅದರ ಹಿಂದೆ ನುಸುಳಿ ಮೇಲಕ್ಕೆ ಒತ್ತಿದರೆ ಕಣ್ಣಿಗೆ ಕಾಣದ ಒಂದು ಏಣಿ. ದೀಪದಣ್ಣ ಸರಸರ ಹತ್ತಿ ನೇರ ತುದಿಯ ಮಹಡಿಗೆ ಹೋಗಿಬಿಡುತ್ತಿದ್ದ, ಒಂದು ಕರವಸ್ತ್ರವೂ ಅವನನ್ನು ಮುಟ್ಟುತ್ತಿರಲಿಲ್ಲ.

ಅವಳಿಗೆ ಎಷ್ಟು ಸಂಭ್ರಮವಾಯಿತೆಂದರೆ ಬೆಂಚಿನ ಮೇಲಿದ್ದ ಕನ್ನಡಕದವನ ತೋಳು ಹಿಡಿದು ಎಳೆತಂದಳು.

"ಮಾಮ, ಇಲ್ಲಿ ನೋಡಿ! ಏಣಿ ಇದೆ!"

"ಭಲೇ!" ಎಂದ ಆತ. "ಇನ್ನೊಂದು ಸಲ ತೋರಿಸು ಪುಟ್ಟಿ."

ಅವಳು ಇನ್ನೊಂದು ಸಲ ತೋರಿಸಿದಳು, ಮತ್ತೂ ಒಂದು ಸಲ ತೋರಿಸಿದಳು. ಆತ ಜೇಬಿನಿಂದ ಚಾಕಲೇಟು ತೆಗೆದು ಕೊಟ್ಟ. ಆಮೇಲೆ ಕೆಲವೇ ದಿನಕ್ಕೆ ಯಂತ್ರವನ್ನು ಗಾಡಿಗೆ ಹಾಕಿಕೊಂಡು ಹೋದರು, ಅಂಗಡಿಯ ಮೂಲೆ ಖಾಲಿಯಾಯಿತು. ಅಂಗಿಯೊಂದು ಮಾತ್ರ ಕಪಾಟಿನಲ್ಲೇ ಉಳಿಯಿತು, ಆತ ಒಯ್ಯಲು ಮರೆತಿದ್ದ.

ಮುಂದಿನ ವರ್ಷ ಅಣ್ಣ ಮೈದಾನದಲ್ಲಿ ಕಾಲು ಮುರಿದುಕೊಂಡು ಫುಟ್‌ಬಾಲಿಗೆ ಕೈಮುಗಿದ. ಕೈಯಾದರೂ ನೆಟ್ಟಗಿದೆಯಲ್ಲ ಎಂದು ಪೇಟೆಯ ದೊಡ್ಡ ಗೇಮ್ ಅಂಗಡಿಯಲ್ಲಿ ದೀಪದಣ್ಣನನ್ನು ಆಡಲು ಕೂತವನು ಏಳಲೇ ಇಲ್ಲ. ನೋಡನೋಡುತ್ತಿದ್ದಂತೆ ಪೇಟೆಯ ಹುಲಿಯಾದ. ಸಣ್ಣವರನ್ನು ಆ ಅಂಗಡಿಯೊಳಗೆ ಬಿಡುತ್ತಿರಲಿಲ್ಲವಾದ್ದರಿಂದ ತಂಗಿಗೆ ಅಲ್ಲಿನ ಯಂತ್ರ ನೋಡುವ ಯೋಗ ಬರಲಿಲ್ಲ. ಊರಿನ ಪಂದ್ಯ ನಡೆದು ಅಣ್ಣ ಕೊನೆಯ ಸುತ್ತಿಗೆ ಬಂದ. ಆ ಸುತ್ತಿನ ದಿನ ಬೆಳಿಗ್ಗೆ ಅವನು ಬೂಟಿನ ದಾರ ಕಟ್ಟುತ್ತಿದ್ದಾಗ ಅವಳು ಹತ್ತಿರ ಹೋಗಿ, ಜಗತ್ತಿನಲ್ಲಿ ತನಗೊಬ್ಬಳಿಗೇ ಗೊತ್ತಿದ್ದ ಗುಟ್ಟನ್ನು ಅವನ ಕಿವಿಗೆ ಹಾಕಿದಳು.

"ಮೂರನೇ ಲೆವೆಲ್‌ನಲ್ಲಿ, ಎಡಗಡೆ ನೀರಿನ ತೊಟ್ಟಿ ಹಿಂದೆ ಹೋಗು. ಏಣಿ ಇದೆ. ಯಾರಿಗೂ ಗೊತ್ತಿಲ್ಲ."

"ನಿಜವಾಗ್ಲೂ?"

"ನನ್ನಾಣೆ, ಅಣ್ಣ."

ಅವನು ನಂಬಿದ. ಅದೇ ಅವಳನ್ನು ಇವತ್ತಿಗೂ ಚುಚ್ಚುವುದು. ಹೋಗೇ ಸುಮ್ನೆ ಎಂದು ಗದರಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಪಂದ್ಯದ ದಿನ ಅಪ್ಪನ ಕೈ ಹಿಡಿದು ಒಳಗೆ ಹೋದವಳು ದೊಡ್ಡವರ ಮೊಣಕೈಗಳ ನಡುವೆ ತಲೆ ತೂರಿಸಿ ನೋಡಿದಳು. ಆಕಾಶ ನೀಲಿ! ದೀಪದಣ್ಣನಿಗೆ ಮೀಸೆ! ಕರವಸ್ತ್ರಗಳಿಗೆಲ್ಲ ಕಣ್ಣು ಬಂದು ರೆಕ್ಕೆ ಬಡಿಯುತ್ತಿವೆ, ಬೆಕ್ಕು ಪತ್ತೆಯಿಲ್ಲ. ಕೂಗಬೇಕೆಂದುಕೊಂಡಳು. ಅಷ್ಟರಲ್ಲಿ ಅಣ್ಣ ಮೂರನೇ ಹಂತಕ್ಕೆ ಬಂದ. ತೊಟ್ಟಿ ಅಲ್ಲೇ ಇತ್ತು. ಏಣಿ ತೆಗೆದ ಪುಣ್ಯಾತ್ಮರು ತೊಟ್ಟಿಯನ್ನೂ ತೆಗೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಣ್ಣ ಅದರ ಹಿಂದೆ ನುಸುಳಿ ಮೇಲಕ್ಕೆ ಒತ್ತಿದ. ಮತ್ತೆ ಮತ್ತೆ ಒತ್ತಿದ. ದೀಪದಣ್ಣ ಗೋಡೆಗೆ ಮುಖ ಹಾಕಿ ನಿಂತಲ್ಲೇ ಕಾಲು ಕುಣಿಸಿದ. ಬಾವಲಿಗಳು ನಿಧಾನವಾಗಿ ಬಂದು ಒಂದೊಂದೇ ದೀಪ ಆರಿಸಿದವು. ಪಂದ್ಯದ ಕಪ್ ಕ್ಷೌರದಂಗಡಿಯವನ ಮಗನ ಪಾಲಾಯಿತು.

"ಅಲ್ಲಿ ಯಾಕಪ್ಪ ನಿಂತಿದ್ದೆ?" ಎಂದು ಯಾರೋ ಕೇಳಿದರು.

"ನನ್ನ ತಂಗಿ ಏಣಿ ಇದೆ ಅಂದಳು," ಎಂದ ಅಣ್ಣ, ಅಳು ನುಂಗಿಕೊಂಡು.

ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತು ಬಿದ್ದ ಹೆಸರು ಆಮೇಲೆ ಏಳಲಿಲ್ಲ. ಆಕಾಶ ಕಂದು ಇತ್ತು, ಬೆಕ್ಕು ಇತ್ತು ಎಂದು ಅವಳು ಕೆಲವು ವರ್ಷ ವಾದಿಸಿದಳು. ಹೇಳಿದಷ್ಟೂ ಕಥೆ ಕಟ್ಟುತ್ತಾಳೆ ಎನ್ನುವವರು ಹೆಚ್ಚಾದರು. ಕೊನೆಗೆ ಅವಳಿಗೇ ಅನುಮಾನ ಬಂತು. ಬಾಯಿಲ್ಲದ ಮನುಷ್ಯ, ಹಾರುವ ಕರವಸ್ತ್ರ! ಇಸ್ತ್ರಿ ಅಂಗಡಿಯ ಹುಡುಗಿಗೆ ಜ್ವರದಲ್ಲಿ ಬೀಳುವ ಕನಸು ಇದಕ್ಕಿಂತ ಬೇರೆ ಇರುತ್ತದೆಯೇ?

ಅಣ್ಣ ಕೆಟ್ಟವನಲ್ಲ. ಡ್ರೈವಿಂಗ್ ಸ್ಕೂಲ್ ಇಟ್ಟು ಊರಿನ ಅರ್ಧದಷ್ಟು ಜನಕ್ಕೆ ಕಾರು ಕಲಿಸಿದ. ತಂಗಿಯ ಮನೆಯ ಸುಖದುಃಖಕ್ಕೆ ಮೊದಲು ಬರುವವನೂ ಅವನೇ. ಆದರೆ ಅವಳು ಈ ದಾರಿ ಹತ್ತಿರ ಎಂದರೆ ಇನ್ನೊಂದು ದಾರಿಯಲ್ಲಿ ಹೋಗುತ್ತಾನೆ; ಈ ಔಷಧಿ ಒಳ್ಳೆಯದು ಎಂದರೆ, "ಏಣಿ ಹೇಳಿದಾಳೆ, ಎಲ್ಲರೂ ಹುಷಾರು" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅವಳೇ ಎಲ್ಲರಿಗಿಂತ ಮೊದಲು ನಗುತ್ತಾಳೆ, ಬೇರೆಯವರು ಶುರುಮಾಡುವ ತನಕ ಕಾಯುವುದು ಕಷ್ಟವಾದ್ದರಿಂದ.

ಹೋದ ವರ್ಷ ವಸಡಿನ ಕಾಯಿಲೆಗೆ ಅಣ್ಣನ ಹಲ್ಲೆಲ್ಲ ಉದುರಿದವು. ಊರಿನ ಬಾಯಿಗಳಿಗೆಲ್ಲ ಹಲ್ಲು ಕೂರಿಸುವ ತಂಗಿ ಮನೆಯಲ್ಲೇ ಇದ್ದಾಳೆ. ಅಣ್ಣ ಒಲ್ಲೆ ಎಂದ.

"ಏಣಿ ಮಾಡಿದ ಹಲ್ಲು ಹಾಕ್ಕೊಂಡು, ಗಟ್ಟಿ ಅಂತ ನಂಬಿ ಕಚ್ಚಿದ ದಿನ ಕೈಗೆ ಬರತ್ತೆ," ಎಂದ.

ಎಂದಿನ ತಮಾಷೆ ಎಂದುಕೊಂಡರು. ಆದರೆ ಅವನು ನಿಜವಾಗಿಯೂ ಬರಲಿಲ್ಲ. ಬೇರೆಯವರ ಹತ್ತಿರ ಹೋದರೆ ತಂಗಿಗೆ ಅವಮಾನ, ತಂಗಿಯ ಹತ್ತಿರ ಬಂದರೆ ತನಗೆ ಭಯ. ಎರಡೂ ಬೇಡವೆಂದು ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿಂದುಕೊಂಡು ಕೂತ. ದಿನದಿನಕ್ಕೆ ಇಳಿದುಹೋದ. ಕಲಿಯುವವರಿಗೆ ಅವನು ನಿಲ್ಲಿಸು ಎಂದದ್ದು ಅರ್ಥವಾಗದೆ ಒಬ್ಬಳು ಕಾರನ್ನು ಬ್ಯಾಂಕಿನ ಗೇಟಿಗೇ ಗುದ್ದಿಸಿದಳು. ಅತ್ತಿಗೆ ಕ್ಲಿನಿಕ್ಕಿಗೆ ಬಂದು ಕಣ್ಣೀರು ಹಾಕಿದರು.

"ನೀನಾದ್ರೂ ಹೇಳಮ್ಮ ಅವರಿಗೆ."

"ನಾನು ಹೇಳಿದ್ರೇ ಕಷ್ಟ, ಅತ್ತಿಗೆ," ಎಂದಳು ಅವಳು. ಹೇಳಿ ನಗಲು ನೋಡಿದಳು, ಈ ಸಲ ನಗು ಬರಲಿಲ್ಲ. ತನ್ನ ಮಾತಿಗೆ ಬೆಲೆಯಿಲ್ಲದ್ದು ಇಷ್ಟು ವರ್ಷ ಮನೆಮಂದಿಯ ಮನರಂಜನೆಯಾಗಿತ್ತು. ಈಗ ಅದೇ ಕಾರಣಕ್ಕೆ ಅಣ್ಣ ಹಸಿದು ಕೂತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅಣ್ಣನ ಮಗಳು ಫೋನ್ ಮಾಡಿದಳು. ಹಳೆಯ ಐಸ್ ಕಾರ್ಖಾನೆಯನ್ನು ಪ್ರದರ್ಶನದ ಜಾಗ ಮಾಡಿದ್ದರು, ಅವಳಿಗೆ ಅಲ್ಲಿ ಟಿಕೆಟ್ ಕೊಡುವ ಕೆಲಸ. ಈಗ ಯಾರೋ ತಮ್ಮ ಹಳೆಯ ಆಟದ ಯಂತ್ರಗಳನ್ನೆಲ್ಲ ತಂದು ಜೋಡಿಸಿದ್ದರು.

"ಅತ್ತೆ, ದೀಪದಣ್ಣಂದು ಒಂದು ಯಂತ್ರ ಇದೆ. ಮಾರಾಟಕ್ಕೆ ಬರೋ ಮುಂಚಿಂದಂತೆ. ಅತ್ತೆ, ಕೇಳಿಸ್ತಾ? ಆಕಾಶ ಕಂದು ಬಣ್ಣದ್ದೇ!"

ಅವಳ ಕೈಯಲ್ಲಿದ್ದ ಚಾಕು ಮೇಣದೊಳಗೆ ಇಳಿದು, ಬ್ಯಾಂಕಿನ ಮ್ಯಾನೇಜರರ ಕೋರೆಹಲ್ಲು ಉರುಳಿಬಿತ್ತು. ಮೊದಲು ಕುಣಿಯಬೇಕೆನಿಸಿತು, ಮರುಕ್ಷಣ ಹೆದರಿಕೆಯಾಯಿತು. ಆಕಾಶ ಸರಿ. ಏಣಿ? ಅದೊಂದು ಇಲ್ಲದಿದ್ದರೆ? ಇಷ್ಟು ವರ್ಷ ಒಂದು ಸಣ್ಣ ಅನುಮಾನದ ಲಾಭವಾದರೂ ಇತ್ತು, ನೋಡಿಬಿಟ್ಟರೆ ಅದೂ ಹೋಗುತ್ತದೆ. ಹೋಗದೆ ಇರುವುದಕ್ಕೆ ನೆಗಡಿ, ಕೆಲಸ, ಮಂಡಿನೋವು ಎಂದು ನೆಪ ಹುಡುಕಿದಳು. ಅಣ್ಣನ ಮಗಳು ಬಿಡಬೇಕಲ್ಲ. ತನ್ನ ಅಪ್ಪನನ್ನೂ ಎಳೆದುಕೊಂಡು ಬಂದಳು.

ಕಾರ್ಖಾನೆಯ ನೆಲ ಇನ್ನೂ ತಣ್ಣಗಿತ್ತು. ಯಂತ್ರಗಳ ಒಡೆಯ, ಕೈಗೆ ಬಿಳಿ ಗವಸು ಹಾಕಿದ ಬೋಳುತಲೆಯ ಮನುಷ್ಯ, ಇವರನ್ನು ಕರೆದೊಯ್ದು ಆ ಯಂತ್ರದ ಮುಂದೆ ನಿಲ್ಲಿಸಿದ. ಪರದೆಯ ಮೇಲೆ ಟೀ ಬಣ್ಣದ ಆಕಾಶ. ಬಾಯಿಲ್ಲದ ದೀಪದಣ್ಣ. ಮೂಲೆಯಲ್ಲಿ ಬೆಕ್ಕು, ಇಷ್ಟು ವರ್ಷವೂ ಏನೂ ಮಾಡದೆ ಕೂತಿತ್ತು. ಅವಳಿಗೆ ಅಳು ಬಂತು. ಬೆಕ್ಕನ್ನು ನೋಡಿ ಅಳುತ್ತಿದ್ದೇನಲ್ಲ ಎಂದು ನಗುವೂ ಬಂತು.

"ನಾನು ಆಡ್ತೀನಿ," ಎಂದಳು ಗತ್ತಿನಿಂದ. ಒಡೆಯ ಅವಳ ಎತ್ತರ ನೋಡಿ, ಮಕ್ಕಳಿಗೆಂದು ಇಟ್ಟಿದ್ದ ಮಣೆಯನ್ನು ತಂದು ಹಾಕಿದ. ಅವಳು ಹತ್ತಿ ನಿಂತು, ಬೆರಳು ಚಟಚಟ ಮುರಿದು, ಶುರುಮಾಡಿ, ಮೊದಲ ಮಹಡಿಯಲ್ಲೇ ಕರವಸ್ತ್ರ ಬಡಿದು ಸತ್ತಳು. ಎರಡನೇ ಸಲ ಅದಕ್ಕಿಂತ ಬೇಗ ಸತ್ತಳು. ಮೂರನೇ ಹಂತದ ಸತ್ಯವನ್ನು ಲೋಕಕ್ಕೆ ಸಾರಲು ಹೊರಟವಳಿಗೆ ಎರಡನೇ ಹಂತ ದರ್ಶನ ಕೊಡಲಿಲ್ಲ.

"ಇಳಿ," ಎಂದ ಅಣ್ಣ.

ಅವನ ಕೈ ಇನ್ನೂ ಪೇಟೆಯ ಹುಲಿಯ ಕೈಯೇ. ಕಾರಿನ ಗೇರು ಹಿಡಿಯುವಷ್ಟು ಹಗುರಾಗಿ ಯಂತ್ರದ ಆಡುವ ಕಡ್ಡಿ ಹಿಡಿದು, ಕರವಸ್ತ್ರಗಳ ನಡುವೆ ದಾರಿ ಮಾಡಿಕೊಂಡು ಹೋದ. ಮೂರನೇ ಹಂತ ಬಂತು. ತೊಟ್ಟಿಗಳು ಎರಡಿದ್ದವು. ಅವಳು ಕಣ್ಣು ಕೆಳಗೆ ಹಾಕಿ ಸಿಮೆಂಟು ನೆಲವನ್ನೇ ನೋಡುತ್ತಾ ನಿಂತಳು.

"ಯಾವ ಕಡೇದು?" ಎಂದ ಅಣ್ಣ, ಪರದೆಯಿಂದ ಕಣ್ಣು ತೆಗೆಯದೆ.

ನನಗೆ ನೆನಪಿರೋ ಹಾಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಎಡಗಡೆ."

ಕಡ್ಡಿ ಕಟಕ್ಕೆಂದ ಸದ್ದು ಕೇಳಿತು. ಅವಳು ತಲೆ ಎತ್ತಿದಾಗ ತೊಟ್ಟಿಯ ಮೇಲಂಚಿನಲ್ಲಿ ಮೊದಲು ಒಂದು ಟೋಪಿ ಕಂಡಿತು, ಆಮೇಲೆ ಬಾಯಿಲ್ಲದ ಮುಖ. ದೀಪದಣ್ಣ ಗೋಡೆಯೊಳಗಿನಿಂದ ಸರಸರ ಹತ್ತುತ್ತಾ ಹೋಗುತ್ತಿದ್ದ.

ಅಣ್ಣ ಕಡ್ಡಿ ಬಿಟ್ಟುಬಿಟ್ಟ. "ಇತ್ತು," ಎಂದ. ತಂಗಿಯ ಕಡೆ ತಿರುಗಿ ಮತ್ತೆ ಹೇಳಿದ, "ಏಣಿ ಇತ್ತು ಕಣೇ." ಕರವಸ್ತ್ರಗಳು ಬಂದು ದೀಪಗಳನ್ನೆಲ್ಲ ಆರಿಸಿದವು. ಯಾರಿಗೂ ಅದರ ಪರಿವೆಯಿರಲಿಲ್ಲ.

ಗವಸಿನವನಿಗೆ ತನಗೆ ತಿಳಿದದ್ದನ್ನು ಹೇಳುವ ಉಮೇದು. "ನಿಮಗೆ ಹೇಗೆ ಗೊತ್ತಾಯ್ತು? ಆಟ ಮಾಡಿದವರೇ ಕೆಲಸಕ್ಕೆ ಅನುಕೂಲ ಅಂತ ಇಟ್ಕೊಂಡಿದ್ದ ದಾರಿ ಅದು, ತೆಗೆಯೋದು ಮರೆತಿದ್ರು. ಇಂಥದ್ದನ್ನ ಹಿಡಿಯೋಕೇ ಈ ಯಂತ್ರಗಳನ್ನ ಮೂರ್ನಾಲ್ಕು ಅಂಗಡೀಲಿಟ್ಟು, ಜನ ಆಡೋದನ್ನ ಪಕ್ಕದಲ್ಲಿ ಕೂತು ನೋಡ್ತಿದ್ರು. ಎಲ್ಲಿ ಯಾರು ನುಸುಳಿದ್ರೋ ಅಲ್ಲಿ ಗೋಡೆ ಹಾಕೋದು."

ಅವಳಿಗೆ ಕನ್ನಡಕ ನೆನಪಾಯಿತು. ಒಂದೇ ಅಂಗಿ ನೆನಪಾಯಿತು. ಚಾಕಲೇಟಿನ ರುಚಿಯೂ ನಾಲಿಗೆಗೆ ಬಂತು. ಮಣೆಯ ಮೇಲೆ ಕುಸಿದು ಕೂತಳು.

"ಅಣ್ಣ, ಅದನ್ನ ಮುಚ್ಚಿಸಿದ್ದು ನಾನೇ."

"ಏನು?"

"ಕಂಪನಿಯವನನ್ನ ಕರೆದು ನಾನೇ ತೋರಿಸಿದೆ. ಮತ್ತೆ ಮತ್ತೆ ತೋರಿಸಿದೆ."

ಅಣ್ಣ ಅವಳನ್ನೇ ನೋಡಿದ. ಅವನ ಖಾಲಿ ಬಾಯಿ ಮೆಲ್ಲಗೆ ತೆರೆದುಕೊಂಡಿತು, ವಸಡುಗಳೆರಡೂ ಕಂಡವು, ಹೊಟ್ಟೆ ಕುಲುಕಲು ಶುರುವಾಯಿತು.

"ನೀನು ಸುಮ್ನೆ ಬಾಯಿ ಮುಚ್ಕೊಂಡು ಇದ್ದಿದ್ರೆ," ಎಂದ, ಉಸಿರು ಸಾಲದೆ, "ನಾನು ಕಪ್ ಗೆಲ್ತಿದ್ದೆ!"

ಇಬ್ಬರೂ ಯಂತ್ರಕ್ಕೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬೇರೆ ಊರಿನವರೂ ಯಾರಾದರೂ ತೋರಿಸಿರಬಹುದು, ನೀವೇ ಅಂತ ಹೇಗೆ ಹೇಳೋದು ಎಂದು ಗವಸಿನವನು ಸಮಾಧಾನಕ್ಕೆ ಬಂದ. ಅವಳಿಗೆ ಸಿಟ್ಟೇ ಬಂತು. "ನಾನೇ ರೀ," ಎಂದಳು. "ಬೇರೆ ಯಾರೂ ಅಲ್ಲ." ಜೀವಮಾನವಿಡೀ ಇದೆ ಎಂದು ಸಾಧಿಸಲು ಹೆಣಗಿದ ಏಣಿಯನ್ನು ಕಿತ್ತು ಹಾಕಿದ ಕೀರ್ತಿಯನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಮುಂದಿನ ಸೋಮವಾರ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಡಾಕ್ಟರು ಅಳತೆ ತೆಗೆದರು. ತಂಗಿ ಅಚ್ಚು ಹಾಕಿ, ಒಂದೊಂದು ಹಲ್ಲನ್ನೂ ಮೇಣದಲ್ಲಿ ಕೂರಿಸಿ ನೋಡಿ, ಕಿತ್ತು, ಮತ್ತೆ ಕೂರಿಸಿದಳು. ಬೇರೆ ಯಾವ ಬಾಯಿಗೂ ಅವಳು ಅಷ್ಟು ಹೆದರಿದ್ದಿಲ್ಲ. ಕೊನೆಗೆ ಪರೀಕ್ಷೆಯ ಸೆಟ್ ತಯಾರಾಯಿತು. ಅಣ್ಣ ಕುರ್ಚಿಯಲ್ಲಿ ಒರಗಿದ.

"ಇದು ಮೇಣದ್ದು. ಜೋರಾಗಿ ಕಚ್ಚಬೇಡ," ಎಂದಳು.

ಡಾಕ್ಟರು ಸೆಟ್ ಕೂರಿಸಿ, ಕೈಗೆ ಕನ್ನಡಿ ಕೊಟ್ಟರು. "ಹೇಗನ್ಸತ್ತೆ? ಎಲ್ಲಾದ್ರೂ ಒತ್ತತ್ತಾ? ನಕ್ಕು ನೋಡಿ."

ಅಣ್ಣ ಕನ್ನಡಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡ.

"ಇವಳನ್ನ ಕೇಳಿ, ಡಾಕ್ಟ್ರೇ," ಎಂದ. "ಇವಳು ಇದೆ ಅಂದ್ರೆ ಇರತ್ತೆ."

ಈ ಮಾತಿಗಾಗಿ ಅವಳು ಒಂದು ಆಯುಷ್ಯ ಕಾದಿದ್ದಳು. ಅಣ್ಣನ ಮುಖ ಮಂಜಾಯಿತು. ಕಣ್ಣೊರೆಸಿಕೊಂಡು, ಡಾಕ್ಟರ ಪಕ್ಕದಲ್ಲಿ ತುದಿಗಾಲಲ್ಲಿ ನಿಂತು ನೋಡಿದಳು. ನೋಡಿದ ಕೂಡಲೇ ಗೊತ್ತಾಯಿತು. ಎಡಗಡೆಯ ಮುಂದಿನ ಹಲ್ಲು ವಾರೆ. ಇವತ್ತೇ, ಇದೇ ಬಾಯಲ್ಲೇ ವಾರೆಯಾಗಬೇಕೆ! ಸುಮ್ಮನಿದ್ದುಬಿಡೋಣವೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಡಾಕ್ಟರಿಗೆ ಕಂಡಿರಲಿಲ್ಲ, ಅಣ್ಣನಿಗಂತೂ ಎಂದೂ ಕಾಣುವಂಥದ್ದಲ್ಲ.

"ಸರಿ ಇಲ್ಲ," ಎಂದಳು. "ಎಡಗಡೆದು ತಪ್ಪಾಗಿ ಕೂರಿಸಿದೀನಿ. ತೆಗೀಬೇಕು."

ಡಾಕ್ಟರು ಬಗ್ಗಿ ನೋಡಿ, "ಎಲ್ಲಿ? ನನಗೇನೂ ಕಾಣಲ್ವಲ್ಲ," ಎಂದರು.

"ಅವಳು ಹೇಳಿದಳಲ್ಲ," ಎಂದ ಅಣ್ಣ, ಕನ್ನಡಿಯ ಕಡೆ ಕೈಯನ್ನೂ ಹಾಕದೆ. ಬಾಯಿ ಅಗಲವಾಗಿ ತೆರೆದು ತಂಗಿಯ ಕಡೆ ತಿರುಗಿದ.